ರುಂಡಕ್ಕೊಂದು ಹೆಸರು, ಮುಂಡಕ್ಕೆ?

ಒಂದು ಲೋಟ ಬಿಸಿನೀರು. ಅದರಲ್ಲಿ ತಲೆಕೆಳಗಾಗಿ ಅದ್ದಿಟ್ಟ ಒಂದು ಗೊಂಬೆ. ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಗೊಂಬೆಯ ತಲೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಆಗ ಮೈಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ತಲೆಯನ್ನು ಇನ್ನೊಂದು ಕೈಯಿಂದ ಮೆಲ್ಲನೆ ಅಲುಗಾಡಿಸುತ್ತಾ ಎಳೆದರೆ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಅವಸರಪಟ್ಟು ತಣ್ಣಗಿರುವಾಗಲೇ ಎಳೆದರೆ ಕತ್ತಿನ ಗೂಟವೇ ಮುರಿದೀತು. ಆ ಗೂಟದ ತುದಿಯಲ್ಲಿ ಬಟಾಣಿಯಂತಹ ಒಂದು ಗುಂಡು ಇರುತ್ತದೆ. ಅದರ ಮೇಲೆ ಬೇರೊಂದು ಗೊಂಬೆಯ ತಲೆಯನ್ನು ಒತ್ತಿ ಕೂರಿಸಿದರೆ ಹೊಸ ವೀರನೊಬ್ಬ ಹುಟ್ಟಿಕೊಂಡಂತೆ!

ಇದು ಮಕ್ಕಳ ತುಂಟಾಟವಲ್ಲ. ಅಮೆರಿಕದಲ್ಲಿ ಬೇರೂರಿ ಇಂದು ಅನೇಕ ದೇಶಗಳಿಗೆ ಹಬ್ಬಿರುವ, ದೊಡ್ಡವರೇ ಹೆಚ್ಚಾಗಿ ತೊಡಗಿರುವ ಒಂದು ಹವ್ಯಾಸ. 1964ರಲ್ಲಿ ಅಲ್ಲಿನ ಹ್ಯಾಸ್‌ಬ್ರೋ ಕಂಪೆನಿ ಜಿ.ಐ. ಜೋ ಎಂಬ ಸುಮಾರು ಒಂದಡಿ ಎತ್ತರದ ಸೈನಿಕ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಗಂಡುಮಕ್ಕಳು 'ಗೊಂಬೆ' ಎಂದರೆ ಮೂಗು ಮುರಿಯುತ್ತಾರೆ ಎಂಬ ಅಂಜಿಕೆಯಿಂದ ಕಂಪೆನಿ ಅದಕ್ಕೆ 'ಆ್ಯಕ್ಷನ್ ಫಿಗರ್' ಎಂದು ಹೆಸರಿಟ್ಟಿತು. 1978ರಲ್ಲಿ ಕೆನ್ನರ್ ಕಂಪೆನಿ ಸ್ಟಾರ್ ವಾರ್ಸ್ ಚಿತ್ರದ ಪಾತ್ರಗಳನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಾಡಿ ಮಾರಿತು. ಅಂಗಡಿಯಲ್ಲಿ ಸಿಗುವ ವೀರನಿಗಿಂತ ತನ್ನ ಮನಸ್ಸಿನಲ್ಲಿರುವ ವೀರನೇ ಬೇಕು ಎನ್ನುವವರು ಇವುಗಳ ತಲೆ, ಕೈ, ಅಂಗಿಗಳನ್ನು ಬದಲಿಸಲು ತೊಡಗಿದರು. ರಂಧ್ರ ದೊಡ್ಡದಾದರೆ ಗೂಟಕ್ಕೆ ಟೇಪು ಸುತ್ತುವುದು, ಚಿಕ್ಕದಾದರೆ ಕೊರೆದು ಅಗಲಿಸುವುದು, ಮುಖದ ಬಣ್ಣ ಕತ್ತಿಗೆ ಹೊಂದದಿದ್ದರೆ ಮತ್ತೆ ಬಣ್ಣ ಬಳಿಯುವುದು, ಹೀಗೆ ಇದರಲ್ಲಿ ಕೈಚಳಕವೂ ಇದೆ, ತಾಳ್ಮೆಯೂ ಇದೆ.

ಈ ಹವ್ಯಾಸಿಗಳ ಮಾತಿನಲ್ಲಿ ಎರಡು ಪದಗಳು ನಮ್ಮ ಗಮನ ಸೆಳೆದವು. ಬಿಡಿಭಾಗಗಳಿಗಾಗಿಯೇ ಕೊಳ್ಳುವ ಗೊಂಬೆಯನ್ನು ಅವರು 'ಫಾಡರ್' ಎನ್ನುತ್ತಾರೆ. ಫಾಡರ್ ಎಂದರೆ ಮೇವು. ಎರಡನೆಯದು 'ರೆಸಿಪಿ'. ತಾವು ಮಾಡಿದ ಹೊಸ ಗೊಂಬೆಯನ್ನು ಇತರರಿಗೆ ತೋರಿಸುವಾಗ, ತಲೆ ಯಾವ ಗೊಂಬೆಯದು, ಮೈ ಯಾವುದರದು, ಕೈ ಎಲ್ಲಿಂದ ಬಂತು ಎಂದು ಅಡುಗೆಯ ಸಾಮಾನಿನ ಪಟ್ಟಿ ಕೊಡುವಂತೆ ಹೇಳುವ ರೂಢಿ ಇದು. ಈ ಎರಡು ಪದಗಳನ್ನು ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಪ್ರಶ್ನೆ ಇಷ್ಟೇ. ರಾಮು ಎಂಬ ಗೊಂಬೆಯ ತಲೆಯನ್ನು ಶಾಮು ಎಂಬ ಗೊಂಬೆಯ ಮೈಗೆ ಕೂರಿಸಿದೆವು ಎಂದಿಟ್ಟುಕೊಳ್ಳೋಣ. ಹೊಸ ಗೊಂಬೆಯ ಹೆಸರೇನು? ಯಾರನ್ನು ಕೇಳಿದರೂ 'ರಾಮು' ಎನ್ನುತ್ತಾರೆ. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಶಾಮುವೇ ಇದ್ದರೂ ಹೆಸರು ಮಾತ್ರ ರಾಮುವಿನದು! ತಯಾರಕರಿಗೂ ಇದು ಚೆನ್ನಾಗಿ ಗೊತ್ತು. 1982ರಲ್ಲಿ ಮ್ಯಾಟೆಲ್ ಕಂಪೆನಿ ಆರಂಭಿಸಿದ ಹೀ-ಮ್ಯಾನ್ ಸರಣಿಯ ಅನೇಕ ಪಾತ್ರಗಳಿಗೆ ಎರಕದ ಅಚ್ಚು ಒಂದೇ. ಅದೇ ಎದೆ, ಅದೇ ತೋಳು. ತಲೆ, ಕವಚ, ಬಣ್ಣ ಬದಲಾದರೆ ಸಾಕು, ನಾಯಕನ ಮೈಯೇ ಇನ್ನೊಬ್ಬನ ಮೈಯಾಗುತ್ತದೆ. ಕೊಳ್ಳುವ ಹುಡುಗನಿಗೆ ಅದು ಮೋಸ ಎಂದು ಅನಿಸುವುದೇ ಇಲ್ಲ. ಏಕೆಂದರೆ ಅವನು ನೋಡುವುದು ಮುಖವನ್ನು.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ವಿಕ್ರಮನ ಹೆಗಲೇರಿದ ಬೇತಾಳ ಇದನ್ನೇ ಕೇಳಿದ್ದ. ದೇವಿಯ ಗುಡಿಯಲ್ಲಿ ಗಂಡ ತನ್ನ ತಲೆ ಕಡಿದುಕೊಳ್ಳುತ್ತಾನೆ, ಅದನ್ನು ಕಂಡು ಹೆಂಡತಿಯ ಅಣ್ಣನೂ ಹಾಗೆಯೇ ಮಾಡಿಕೊಳ್ಳುತ್ತಾನೆ. ದೇವಿಯ ವರದಿಂದ ಇಬ್ಬರನ್ನೂ ಬದುಕಿಸುವ ಅವಕಾಶ ಸಿಕ್ಕಾಗ ಆಕೆ ಗಡಿಬಿಡಿಯಲ್ಲಿ ತಲೆಗಳನ್ನು ಅದಲು ಬದಲು ಮಾಡಿ ಜೋಡಿಸಿಬಿಡುತ್ತಾಳೆ. ಇವರಲ್ಲಿ ಆಕೆಯ ಗಂಡ ಯಾರು? ರಾಜನ ಉತ್ತರ: ಗಂಡನ ತಲೆ ಯಾರ ಮೈಮೇಲಿದೆಯೋ ಅವನೇ ಗಂಡ, ಏಕೆಂದರೆ ಅಂಗಗಳಲ್ಲಿ ತಲೆಯೇ ಮುಖ್ಯ. ತಲೆಗೆ 'ಉತ್ತಮಾಂಗ' ಎಂಬ ಹೆಸರು ಬಂದದ್ದೇ ಈ ನಂಬಿಕೆಯಿಂದ.

ಇಸ್ಲಾಮೀ ಪರಂಪರೆಯಲ್ಲಿಯೂ ಇದಕ್ಕೆ ಹತ್ತಿರದ ಒಂದು ತಿಳುವಳಿಕೆ ಇದೆ. ವಿಗ್ರಹದ ತಲೆಯನ್ನು ತೆಗೆದರೆ ಅದು ಮರದ ರೂಪದಂತಾಗುತ್ತದೆ ಎಂಬ ಅರ್ಥದ ಹದೀಸೊಂದು ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ಚಿತ್ರ, ಪ್ರತಿಮೆಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ನಮಗೆ ಬೇಕಾದದ್ದು ಇಷ್ಟು: ರೂಪ ಎಂದರೆ ತಲೆ, ತಲೆ ಹೋದರೆ ಉಳಿದದ್ದು ಬರಿಯ ಆಕಾರ ಎಂಬ ಭಾವನೆ ಬೇರೆ ಬೇರೆ ಜನರಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ನೆಲೆಸಿದೆ.

ಆದರೆ ಮುಂಡ ಅಷ್ಟು ಸುಲಭವಾಗಿ ಒಪ್ಪುತ್ತದೆಯೇ? ಗಿರೀಶ್ ಕಾರ್ನಾಡರು 1971ರಲ್ಲಿ 'ಹಯವದನ' ನಾಟಕವನ್ನು ಬರೆದಾಗ ಬೇತಾಳನ ಕಥೆ ನಿಲ್ಲುವಲ್ಲಿ ತಮ್ಮ ಪ್ರಶ್ನೆಯನ್ನು ಆರಂಭಿಸಿದರು. ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಇದೇ ಕಥೆಯನ್ನು ಹಿಗ್ಗಿಸಿ ಬರೆದದ್ದು ಅವರ ಮುಂದಿತ್ತು. ನಾಟಕದಲ್ಲಿ ದೇವದತ್ತ ಬುದ್ಧಿವಂತ, ಕಪಿಲ ಬಲಶಾಲಿ. ತಲೆಗಳು ಅದಲು ಬದಲಾದ ಮೇಲೆ ತೀರ್ಪು ತಲೆಯ ಪರವಾಗಿಯೇ ಬರುತ್ತದೆ. ಕಾಲ ಕಳೆದಂತೆ ಮೈಗಳೂ ತಲೆಗೆ ತಕ್ಕಂತೆ ಬದಲಾಗುತ್ತವೆ. ಆದರೆ ದೇವದತ್ತನ ಮೈಯನ್ನು ಹೊತ್ತ ಕಪಿಲನಿಗೆ ತನ್ನ ತಲೆಗೆ ಗೊತ್ತೇ ಇಲ್ಲದ ನೆನಪುಗಳು ಆ ಮೈಯಿಂದ ಏಳುತ್ತವೆ. ಮೈಗೂ ಒಂದು ನೆನಪಿದೆ! ಮೂವತ್ತು ವರ್ಷ ಬೀಡಿ ಕಟ್ಟಿದ ತಾಯಿಯ ಬೆರಳುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ ಈ ವಿಷಯದಲ್ಲಿ ಎತ್ತಿದ ಒಂದು ಮಾತು ನಮಗೆ ಮುಖ್ಯವೆನಿಸುತ್ತದೆ. ಗ್ರೀಕರ ವೀರ ಥೀಸಿಯಸನ ಹಡಗಿನ ಹಲಗೆಗಳು ಹಳತಾದಂತೆಲ್ಲ ಒಂದೊಂದನ್ನೇ ಬದಲಿಸುತ್ತಾ ಹೋದರೆ ಅದು ಅದೇ ಹಡಗೇ ಎಂಬುದು ಹಳೆಯ ಪ್ರಶ್ನೆ. ಹಾಬ್ಸ್ 1655ರಲ್ಲಿ ಇನ್ನೊಂದನ್ನು ಸೇರಿಸಿದ: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಯಾರೋ ಜೋಪಾನವಾಗಿ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ ಅದೇನು? ಅಂದರೆ ಎಲ್ಲರೂ ಹೊಸ ಹಡಗನ್ನು ನೋಡುತ್ತಿದ್ದಾಗ ಹಾಬ್ಸ್ ಕಡಲ ದಂಡೆಯಲ್ಲಿ ಬಿದ್ದಿದ್ದ ಹಲಗೆಗಳತ್ತ ನೋಡಿದ. ನಾವೂ ಈಗ ಮೇಜಿನ ಮೇಲೆ ಉಳಿದಿರುವುದರತ್ತ ನೋಡಬೇಕಾಗಿದೆ. ಹೊಸ ವೀರನಿಗೆ ಹೆಸರು ಸಿಕ್ಕಿತು. ಶಾಮು ಏನಾದ? ಅವನ ತಲೆ ಡಬ್ಬಿಯಲ್ಲಿದೆ. ಅವನ ಮೈ ಇನ್ನೊಬ್ಬನ ಹೆಸರಿನಲ್ಲಿ ನಿಂತಿದೆ.

ಗೊಂಬೆಯ ವಿಷಯದಲ್ಲಿ ಇದು ತಮಾಷೆಯ ಪ್ರಶ್ನೆ. ಆದರೆ ಇತಿಹಾಸದಲ್ಲಿ ಇದು ಯಾವತ್ತೂ ಬರಿಯ ತಮಾಷೆಯಾಗಿರಲಿಲ್ಲ. ರೋಮಿನ ಚಕ್ರವರ್ತಿ ಕಲಿಗುಲ ಗ್ರೀಸಿನಿಂದ ದೇವತೆಗಳ ಹೆಸರಾಂತ ಪ್ರತಿಮೆಗಳನ್ನು ತರಿಸಿ, ಅವುಗಳ ತಲೆ ತೆಗೆಸಿ ತನ್ನ ತಲೆ ಕೂರಿಸಲು ಹೊರಟಿದ್ದ ಎಂದು ಇತಿಹಾಸಕಾರ ಸ್ಯುಟೋನಿಯಸ್ ಬರೆದಿದ್ದಾನೆ. ನೀರೋ ಚಕ್ರವರ್ತಿ ನಿಲ್ಲಿಸಿದ ನೂರಡಿಯಷ್ಟು ಎತ್ತರದ ಕಂಚಿನ ಪ್ರತಿಮೆಯನ್ನು ಅವನ ನಂತರ ಸೂರ್ಯದೇವನನ್ನಾಗಿ ಮಾರ್ಪಡಿಸಲಾಯಿತು. ಒಂದು ಶತಮಾನದ ಬಳಿಕ ಕೊಮೋಡಸ್ ಎಂಬ ಚಕ್ರವರ್ತಿ ಅದರ ತಲೆ ತೆಗೆಸಿ ತನ್ನದನ್ನು ಇಡಿಸಿದ. ಕ್ರಿ.ಶ. 192ರಲ್ಲಿ ಅವನ ಕೊಲೆಯಾದ ಮೇಲೆ ಅದು ಮತ್ತೆ ಸೂರ್ಯನಾಯಿತು. ಅಧಿಕಾರಕ್ಕೆ ಬಂದವರೆಲ್ಲ ತಲೆ ಬದಲಿಸುತ್ತಾ ಹೋದರು. ಮೈ ಮಾತ್ರ ನಿಂತಲ್ಲಿಯೇ ನಿಂತಿತ್ತು, ಯಾರ ತಲೆ ಇಟ್ಟರೂ ಹೊರುತ್ತಾ!

ಇದಕ್ಕಿಂತಲೂ ವಿಚಿತ್ರವಾದ ಕಥೆ ಅಬ್ರಹಾಂ ಲಿಂಕನ್‌ರದು. ಅಮೆರಿಕದ ಗುಲಾಮರ ಬಿಡುಗಡೆಗೆ ಹೆಸರಾದ ಲಿಂಕನ್ 1865ರಲ್ಲಿ ಹತ್ಯೆಯಾದರು. ಆ ಕಾಲದಲ್ಲಿ ಹರಡಿದ ಅವರದೊಂದು ಭವ್ಯವಾದ ಮುದ್ರಿತ ಚಿತ್ರದಲ್ಲಿ ಲಿಂಕನ್ ಮೇಜಿನ ಪಕ್ಕದಲ್ಲಿ ಗಂಭೀರವಾಗಿ ನಿಂತಿದ್ದಾರೆ. ಆದರೆ ಆ ಮೈ ಅವರದಲ್ಲ! ಜಾನ್ ಕಾಲ್‌ಹೂನ್ ಎಂಬ ರಾಜಕಾರಣಿಯ ಹಳೆಯ ಚಿತ್ರಕ್ಕೆ ಲಿಂಕನ್ ತಲೆಯನ್ನು ಕೂರಿಸಲಾಗಿತ್ತು. ಮೇಜಿನ ಮೇಲಿದ್ದ ಕಾಗದಗಳ ಬರಹವನ್ನೂ ತಿದ್ದಲಾಗಿತ್ತು. 1850ರಲ್ಲಿ ತೀರಿಕೊಂಡಿದ್ದ ಈ ಕಾಲ್‌ಹೂನ್ ಯಾರು? ಗುಲಾಮಗಿರಿ ಕೆಡುಕೇ ಅಲ್ಲ, ಅದೊಂದು ಒಳಿತು ಎಂದು ಅಮೆರಿಕದ ಸೆನೆಟ್‌ನಲ್ಲಿ ವಾದಿಸಿದ ಮನುಷ್ಯ. ಗುಲಾಮಗಿರಿಯ ಸಮರ್ಥಕನ ಮೈಮೇಲೆ ವಿಮೋಚಕನ ತಲೆ! ಜನ ಅದನ್ನು ಗೋಡೆಗೆ ತೂಗುಹಾಕಿ ಗೌರವಿಸಿದರು. ಇಲ್ಲಿ ಅನ್ಯಾಯವಾದದ್ದು ಕಾಲ್‌ಹೂನ್‌ಗೋ ಲಿಂಕನ್‌ಗೋ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಇಬ್ಬರೂ ತೀರಿಕೊಂಡಿದ್ದರು. ಮೋಸಹೋದದ್ದು ನೋಡುವವರು.

ಬದುಕಿರುವವರ ವಿಷಯಕ್ಕೆ ಬಂದರೆ ಮಾತು ಬೇರೆಯಾಗುತ್ತದೆ. 1989ರ ಆಗಸ್ಟ್‌ನಲ್ಲಿ 'ಟಿವಿ ಗೈಡ್' ಎಂಬ ಅಮೆರಿಕದ ಪತ್ರಿಕೆ ಟಿ.ವಿ. ನಿರೂಪಕಿ ಓಪ್ರಾ ವಿನ್‌ಫ್ರೇ ಅವರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತು. ತಲೆ ಓಪ್ರಾ ಅವರದು, ಮೈ ಮಾತ್ರ ನಟಿ ಆ್ಯನ್ ಮಾರ್ಗರೆಟ್ ಅವರದು. ಇಬ್ಬರಲ್ಲಿ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಆ ಉಡುಪನ್ನು ಸಿದ್ಧಪಡಿಸಿದ್ದ ವಿನ್ಯಾಸಕಾರ ತನ್ನ ಕೆಲಸವನ್ನು ಗುರುತು ಹಿಡಿದಾಗ ವಿಷಯ ಹೊರಬಿತ್ತು. ಗಮನಿಸಿ, ಮೈಯನ್ನು ಗುರುತಿಸಿದ್ದು ಓದುಗರಲ್ಲ, ಬಟ್ಟೆ ಹೊಲಿಸಿದಾತ! ಲಕ್ಷಾಂತರ ಜನರಿಗೆ ಅದು ಓಪ್ರಾ ಅಷ್ಟೇ ಆಗಿತ್ತು.

ನಮ್ಮ ಕಾಲದಲ್ಲಿ ಇದಕ್ಕೆ ಕತ್ತರಿಯೂ ಬೇಡ, ಅಂಟೂ ಬೇಡ. 2023ರ ನವೆಂಬರ್‌ನಲ್ಲಿ ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖ ಹೊತ್ತ ಒಂದು ಚಿಕ್ಕ ವೀಡಿಯೊ ದೇಶದೆಲ್ಲೆಡೆ ಹರಡಿತು. ಲಿಫ್ಟಿನೊಳಗೆ ಬರುತ್ತಿದ್ದದ್ದು ಅವರಲ್ಲ. ಭಾರತೀಯ ಮೂಲದ ಬ್ರಿಟಿಷ್ ಮಹಿಳೆಯೊಬ್ಬರು ತಾವೇ ಹಾಕಿಕೊಂಡಿದ್ದ ವೀಡಿಯೊದಲ್ಲಿ ಕಂಪ್ಯೂಟರ್ ತಂತ್ರದಿಂದ ಅವರ ಮುಖವನ್ನು ಅಳಿಸಿ ರಶ್ಮಿಕಾ ಅವರ ಮುಖವನ್ನು ಅಂಟಿಸಲಾಗಿತ್ತು. ತನಗಾದ ನೋವನ್ನು ರಶ್ಮಿಕಾ ಬಹಿರಂಗವಾಗಿ ಹೇಳಿಕೊಂಡರು, ತಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಹೀಗಾಗಿದ್ದರೆ ಎಂದು ಯೋಚಿಸಲೂ ಭಯವಾಗುತ್ತದೆ ಎಂದರು. ಮಂತ್ರಿಗಳು ಮಾತಾಡಿದರು, ದಿಲ್ಲಿ ಪೊಲೀಸರು ಮೊಕದ್ದಮೆ ದಾಖಲಿಸಿದರು, 2024ರ ಜನವರಿಯಲ್ಲಿ ಒಬ್ಬನ ಬಂಧನವೂ ಆಯಿತು. ಇದೆಲ್ಲ ಆಗಬೇಕಾದದ್ದೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಮೈ ರಶ್ಮಿಕಾ ಅವರದಲ್ಲ. ಅಲ್ಲಿ ಅವರು ಇರಲೇ ಇಲ್ಲ. ಹಾಗಿದ್ದ ಮೇಲೆ ಅವರಿಗೆ ಏಕೆ ನೋವಾಗಬೇಕು? ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್ ಈ ಪ್ರಶ್ನೆಯ ಸುತ್ತ ಯೋಚಿಸಿದ್ದ. ರಾಜಕುಮಾರನೊಬ್ಬನ ನೆನಪುಗಳೆಲ್ಲ ಚಪ್ಪಲಿ ಹೊಲಿಯುವವನ ಮೈಯೊಳಗೆ ಸೇರಿಕೊಂಡರೆ ಆ ವ್ಯಕ್ತಿ ರಾಜಕುಮಾರನೇ, ಅವನು ರಾಜಕುಮಾರನ ಕೆಲಸಗಳಿಗೆ ಮಾತ್ರ ಹೊಣೆಗಾರ ಎಂದು ಲಾಕ್ ವಾದಿಸಿದ. ನೆನಪು ಎಲ್ಲಿದೆಯೋ ವ್ಯಕ್ತಿ ಅಲ್ಲಿ. ಈ ಲೆಕ್ಕದಲ್ಲಿ ನಕಲಿ ವೀಡಿಯೊದಲ್ಲಿರುವ ಹೆಂಗಸಿಗೂ ನಟಿಗೂ ಸಂಬಂಧವೇ ಇಲ್ಲ. 'ಅದು ನಾನಲ್ಲ' ಎಂದು ಸುಮ್ಮನಾಗಬಹುದಿತ್ತು.

ಆದರೆ ಯಾರೂ ಸುಮ್ಮನಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಏಕೆಂದರೆ ನಾವು ಯಾರು ಎಂಬುದು ನಮ್ಮ ತಲೆಯೊಳಗಿನ ನೆನಪಿನಲ್ಲಿ ಮಾತ್ರವಿಲ್ಲ, ನಮ್ಮನ್ನು ಬಲ್ಲವರ ಕಣ್ಣಿನಲ್ಲಿಯೂ ಇದೆ. ನಮ್ಮ ಮುಖ ನಮಗಿಂತ ಹೆಚ್ಚಾಗಿ ಇತರರ ಬಳಿ ಇದೆ. ನಮ್ಮ ಮುಖವನ್ನು ಕನ್ನಡಿಯಿಲ್ಲದೆ ನಾವೇ ನೋಡಲಾರೆವು, ಅವರು ದಿನವೂ ನೋಡುತ್ತಾರೆ. 'ಮಾನ' ಎಂದು ನಾವು ಕರೆಯುವುದು ಹೀಗೆ ಇತರರ ಬಳಿ ಇರಿಸಿದ ಒಂದು ಅಮಾನತ್ತು. ರಾಜನ ಉತ್ತರ ಸರಿಯಾಗಿತ್ತು ಎಂಬ ಕಾರಣಕ್ಕೇ ತಲೆ ಬದಲಿಸುವವನ ಕೈಗೆ ಇಷ್ಟು ಶಕ್ತಿ ಬಂದಿದೆ. ಜನ ತಲೆಯಿಂದಲೇ ಗುರುತಿಸುತ್ತಾರೆ ಎಂಬುದನ್ನು ಅವನು ಬಲ್ಲ.

ಇಷ್ಟಕ್ಕೇ ನಮ್ಮ ಮಾತು ಮುಗಿಯುವುದಿಲ್ಲ. ಅಲ್ಲಿ ಇನ್ನೊಬ್ಬ ಹೆಂಗಸು ಇದ್ದರು. ನಿಜವಾಗಿ ಆ ಲಿಫ್ಟಿನೊಳಗೆ ಬಂದದ್ದು ಅವರು. ಆ ನಡಿಗೆ ಅವರದು, ಆ ನಗುವಿನ ಹಿಂದಿನ ಉಸಿರು ಅವರದು. ಅದನ್ನು ತಮ್ಮ ಮುಖದೊಂದಿಗೆ, ತಮ್ಮ ಹೆಸರಿನಲ್ಲಿ ಜನರ ಮುಂದಿಡಲು ಅವರು ಒಪ್ಪಿದ್ದರು. ಇನ್ನೊಬ್ಬರ ಮುಖದ ಕೆಳಗೆ ನಿಲ್ಲಲು ಒಪ್ಪಿರಲಿಲ್ಲ. ತನಗೂ ಇದರಿಂದ ಬಹಳ ಬೇಸರವಾಗಿದೆ ಎಂದು ಅವರು ಹೇಳಿದ್ದರು. ಆದರೆ ಎಲ್ಲೆಡೆ ಆ ಪ್ರಕರಣಕ್ಕೆ ಇದ್ದದ್ದು ನಟಿಯ ಹೆಸರು ಮಾತ್ರ. ಒಬ್ಬರಿಗೆ ತನ್ನದಲ್ಲದ ಮೈಯನ್ನು ಹೊರಿಸಲಾಯಿತು. ಇನ್ನೊಬ್ಬರಿಂದ ತನ್ನದೇ ಮುಖವನ್ನು ಕಿತ್ತುಕೊಳ್ಳಲಾಯಿತು. ಮೊದಲನೆಯ ಗಾಯಕ್ಕೆ ನಮ್ಮಲ್ಲಿ ಮಾನಹಾನಿ ಎಂಬ ಹೆಸರಿದೆ. ಎರಡನೆಯ ಗಾಯಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ಗಾಯ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ವಾದ ಇಷ್ಟೇ: ತಲೆ ಬದಲಿಸುವ ಕೆಲಸದ ನೈತಿಕ ಪ್ರಶ್ನೆ 'ಹೊಸ ರೂಪ ಯಾರದು' ಎಂಬುದಲ್ಲ, 'ಯಾರನ್ನು ಮೇವಾಗಿಸಿದೆವು' ಎಂಬುದು. ಗೊಂಬೆಯನ್ನು ಮೇವು ಎನ್ನಬಹುದು. ಮನುಷ್ಯರನ್ನು ಹಾಗೆನ್ನಲಾಗದು. ಆದರೆ ನಮ್ಮ ರೂಢಿಯ ಮಾತುಗಳನ್ನು ನೋಡಿ. ದುಡಿಯುವವನನ್ನು 'ಕೈಯಾಳು' ಎನ್ನುತ್ತೇವೆ, ಕೈ ಇದೆ, ಮುಖವಿಲ್ಲ. ಯಜಮಾನನನ್ನು ಮನೆಯ 'ತಲೆ' ಎನ್ನುತ್ತೇವೆ. ಕಟ್ಟಡದ ಮೇಲೆ ಕಟ್ಟಿಸಿದವನ ಹೆಸರು ಇರುತ್ತದೆ, ಕಲ್ಲು ಹೊತ್ತವರದು ಇರುವುದಿಲ್ಲ. ಇತರರ ಮೈಮೇಲೆ ತನ್ನ ತಲೆಯನ್ನು ಕೂರಿಸಿಕೊಳ್ಳುವ ಅಭ್ಯಾಸ ಕಂಪ್ಯೂಟರಿನಿಂದ ಆರಂಭವಾದದ್ದಲ್ಲ. ಹಳೆಯ ಅಭ್ಯಾಸಕ್ಕೆ ಈಗ ಹೊಸ ಯಂತ್ರ ಸಿಕ್ಕಿದೆ.

ಹಾಗಾದರೆ ಗೊಂಬೆಯ ತಲೆ ಬದಲಿಸುವುದೂ ತಪ್ಪೇ? ಖಂಡಿತ ಅಲ್ಲ. ಗೊಂಬೆಗೆ ಮಾನವಿಲ್ಲ, ಕಳೆದುಕೊಳ್ಳಲು ಮುಖವೂ ಇಲ್ಲ. ಮಾರುವವನು ಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಳ್ಳದೆ ತನ್ನ ಕಲ್ಪನೆಯಂತೆ ಮಾರ್ಪಡಿಸುವುದು ಬುದ್ಧಿ ಚಿಗುರುವ ಲಕ್ಷಣ. ಪ್ರವಾದಿ(ಸ)ಯವರು ಒಮ್ಮೆ ಹಜ್ರತ್ ಆಯಿಶಾ(ರ) ಅವರ ಆಟಿಕೆಗಳ ನಡುವೆ ಬಟ್ಟೆಚೂರಿನ ಎರಡು ರೆಕ್ಕೆಗಳಿದ್ದ ಕುದುರೆಯೊಂದನ್ನು ಕಂಡು ಇದೇನೆಂದು ಕೇಳಿದರು. ಕುದುರೆಗೆ ರೆಕ್ಕೆಯೇ ಎಂದಾಗ, ಸುಲೈಮಾನ್(ಅ)ರ ಬಳಿ ರೆಕ್ಕೆಯ ಕುದುರೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ಮನಸಾರೆ ನಕ್ಕರು ಎಂದು ಅಬೂದಾವೂದ್ ಸಂಗ್ರಹದ ವರದಿ ಹೇಳುತ್ತದೆ. ಒಂದು ಪ್ರಾಣಿಗೆ ಇನ್ನೊಂದರ ಅಂಗ ಜೋಡಿಸಿದ ಆ ಆಟಿಕೆಗೆ ಸಿಕ್ಕಿದ್ದು ಗದರಿಕೆಯಲ್ಲ, ನಗು. ಆಟಕ್ಕೆ ಆಟದ ಜಾಗವಿದೆ.

ಆಟದಿಂದ ಪಾಠವೂ ಹುಟ್ಟಬಹುದು. 1993ರ ಕ್ರಿಸ್ಮಸ್ ಹೊತ್ತಿಗೆ ಅಮೆರಿಕದ ಕಲಾವಿದರ ಗುಂಪೊಂದು ಮಾತಾಡುವ ಬಾರ್ಬಿ ಮತ್ತು ಮಾತಾಡುವ ಜಿ.ಐ. ಜೋ ಗೊಂಬೆಗಳನ್ನು ಕೊಂಡು, ಅವುಗಳ ಧ್ವನಿಯ ಪೆಟ್ಟಿಗೆಗಳನ್ನು ಅದಲು ಬದಲು ಮಾಡಿ ಅಂಗಡಿಗಳ ಕಪಾಟಿಗೆ ಮರಳಿಸಿತು. ಸೈನಿಕ ಶಾಪಿಂಗ್ ಬಗ್ಗೆ ಮಾತಾಡಿದ, ಬಾರ್ಬಿ ಯುದ್ಧದ ಬಗ್ಗೆ ಗುಡುಗಿದಳು. ಗಂಡು ಹೆಣ್ಣುಗಳ ಬಾಯಲ್ಲಿ ನಾವೇ ಎಂತಹ ಮಾತು ತುಂಬಿದ್ದೇವೆ ಎಂಬುದು ಹೆತ್ತವರಿಗೆ ಆಗ ಕೇಳಿಸಿತು. ಆ ಗುಂಪು ಮಾಡಿದ್ದನ್ನು ಮುಚ್ಚಿಡಲಿಲ್ಲ, ತಾವೇ ಮಾಡಿದ್ದೆಂದು ಹೊರಗೆ ಹೇಳಿದರು.

ಮುಚ್ಚಿಡುವುದು ಮತ್ತು ಹೇಳುವುದು, ವ್ಯತ್ಯಾಸ ಇಲ್ಲಿದೆ. ಗೊಂಬೆ ಹವ್ಯಾಸಿಗಳ ಆ ಎರಡನೆಯ ಪದವನ್ನು ಈಗ ನೆನಪು ಮಾಡಿಕೊಳ್ಳೋಣ. ತಲೆ ಇದರದು, ಮೈ ಅದರದು ಎಂದು ಪಟ್ಟಿ ಕೊಡುವ ಆ ರೂಢಿಯನ್ನು ಯಾವ ಕಾನೂನೂ ಹೇರಿಲ್ಲ. ಮಾರ್ಪಡಿಸಿದ ಗೊಂಬೆಯನ್ನು ಕಂಪೆನಿಯ ಅಸಲಿ ಗೊಂಬೆ ಎಂದು ಮಾರುವವನನ್ನು ಅವರ ನಡುವೆ ಯಾರೂ ಮೆಚ್ಚುವುದಿಲ್ಲ. ಕೆಲವು ರೂಪಾಯಿಗಳ ಪ್ಲಾಸ್ಟಿಕ್ ಮುಂಡದ ಮೂಲವನ್ನೂ ಹೇಳುವಷ್ಟು ಪ್ರಾಮಾಣಿಕತೆ ಅಲ್ಲಿದೆ. ಮನುಷ್ಯರ ಚಿತ್ರಗಳೊಂದಿಗೆ ಆಡುವ ನಾವು ಎರಡು ಕೆಲಸ ಮಾಡಬೇಕಾಗುತ್ತದೆ. ಮೊದಲು ಕೇಳಬೇಕು, ತಲೆಯವರನ್ನೂ ಕೇಳಬೇಕು, ಮೈಯವರನ್ನೂ ಕೇಳಬೇಕು. ಒಪ್ಪಿದ ಮೇಲೆ ಯಾವುದು ಯಾರದು ಎಂದು ನೋಡುವವರಿಗೆ ಹೇಳಬೇಕು. ಒಪ್ಪದಿದ್ದರೆ ಕೈ ತೊಳೆದು ಏಳಬೇಕು.

ಇನ್ನು, ಇಂತಹ ಚಿತ್ರವೊಂದು ನಮ್ಮ ಮೊಬೈಲಿಗೆ ಬಂದಾಗ ನಾವೇನು ಮಾಡುತ್ತೇವೆ? 'ಇದು ನಿಜವೋ ಸುಳ್ಳೋ' ಎಂದು ಕೇಳುವವರೇ ಕಡಿಮೆ. ಕೇಳುವವರೂ ಅಲ್ಲಿಗೇ ನಿಲ್ಲುತ್ತಾರೆ. ಸುಳ್ಳು ಎಂದು ಗೊತ್ತಾದ ಕೂಡಲೇ 'ಪಾಪ, ಆಕೆ ಅಲ್ಲವಂತೆ' ಎಂದು ಸಮಾಧಾನಪಟ್ಟು ಮುಂದಕ್ಕೆ ಹೋಗುತ್ತಾರೆ. ಆಕೆ ಅಲ್ಲ, ಸರಿ. ಆದರೆ ಅಲ್ಲಿ ಯಾರೂ ಇಲ್ಲ ಎಂದು ಅರ್ಥವಲ್ಲ. ಆ ಮುಖದ ಕೆಳಗೆ ಒಬ್ಬ ಮನುಷ್ಯಳಿದ್ದಾಳೆ, ಅವಳಿಗೂ ಒಂದು ಮುಖವಿತ್ತು, ಅವಳನ್ನು ಹೆಸರು ಹಿಡಿದು ಕರೆಯುವ ಮನೆಯೊಂದಿದೆ. ಅವಳ ಬಗ್ಗೆಯೂ ಒಂದು ಮಾತು ಕೇಳುವ ತನಕ ನಾವು ಆ ಚಿತ್ರವನ್ನು ಪೂರ್ತಿಯಾಗಿ ನೋಡಿದಂತಾಗುವುದಿಲ್ಲ.